ಗೆರೆಯ ಮೇಲೆ ಬಿದ್ದ ಶಟಲ್

ಶಟಲ್ ಆಟಕ್ಕೆ ಮೊದಲು ಹೊರಟವಳು ಹಿರಿಸೊಸೆ. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತು ಬೆನ್ನು ಹಿಡಿದುಕೊಂಡಿತ್ತು. ಸ್ವಲ್ಪ ಮೈ ಆಡಿಸಿ ಎಂದು ಡಾಕ್ಟರು ಹೇಳಿದ್ದರು. ತನಗೆಂದೇ ಒಂದು ಗಂಟೆ, ತನ್ನದೇ ಒಂದು ಬ್ಯಾಟು, ಮನೆಯವರ್ಯಾರೂ ಕಾಲಿಡದ ಒಂದು ಜಾಗ ಎಂದು ಹಿಗ್ಗಿದ್ದಳು. ವಾರ ತುಂಬುವುದರೊಳಗೆ ಮೈದುನನ ಹೆಂಡತಿ ತಾನೂ ಬರುತ್ತೇನೆಂದು ಬೆನ್ನಿಗೆ ಬಿದ್ದಳು. ಬೇಡ ಅನ್ನಲು ಬಾಯಿ ಬರಲಿಲ್ಲ.

ಬಂದವಳು ತನ್ನ ಪಾಡಿಗೆ ತಾನು ಆಡಿಕೊಂಡಿದ್ದರೆ ಸರಿಹೋಗುತ್ತಿತ್ತು. ಈ ಕಿರಿಸೊಸೆ ಯಾವುದನ್ನು ಕಷ್ಟಪಟ್ಟು ಕಲಿತಿದ್ದಾಳೆ ಹೇಳಿ? ಶಟಲನ್ನು ಹಿಂದಿನ ಗೆರೆಯವರೆಗೆ ಎತ್ತಿ ಹೊಡೆಯುವುದು, ನೆಟ್ಟಿನಾಚೆ ಮೆತ್ತಗೆ ಬೀಳಿಸುವುದು, ಎರಡೂ ಅವಳಿಗೆ ನೀರು ಕುಡಿದಷ್ಟು ಸಲೀಸು. ಹಿರಿಯವಳದ್ದು ಸರ್ವಿಸ್‌ನಲ್ಲೇ ತಕರಾರು. ಸೊಂಟಕ್ಕಿಂತ ಕೆಳಗೆ ಹೊಡೆಯಬೇಕು ಎಂದು ಅಲ್ಲಿ ಆಟ ಕಲಿಸುವ ಕೋಚ್ ಹೇಳಿದರೆ, ಸೊಂಟ ಎಲ್ಲಿದೆ ಅಂತ ನನಗೆ ಹೇಳಿಕೊಡಬೇಡಿ, ದಿನಾ ಟೇಪು ಹಿಡಿದು ಅಳೆಯುವವಳು ನಾನು ಎಂದು ವಾದಕ್ಕೆ ನಿಂತಳು. ಕೋಚ್ ನಕ್ಕರು. ಕಿರಿಯವಳೂ ನಕ್ಕಳು. ಕೋಚ್ ನಕ್ಕದ್ದನ್ನು ಹಿರಿಯವಳು ಆ ಸಂಜೆಗೇ ಮರೆತಳು, ಇನ್ನೊಂದನ್ನು ಮರೆಯಲಿಲ್ಲ.

ಮನೆಯಲ್ಲೂ ಅದೇ ಕಥೆ. ಅತ್ತೆ ಕಿರಿಸೊಸೆಯ ಆಟದ ಸುದ್ದಿಯನ್ನು ಕಿವಿಯರಳಿಸಿ ಕೇಳಿ, ಆಮೇಲೆ ಹಿರಿಯವಳ ಕಡೆ ತಿರುಗಿ ಬೆನ್ನುನೋವು ಹೇಗಿದೆ ಎಂದು ವಿಚಾರಿಸುತ್ತಿದ್ದರು. ಹೊಟ್ಟೆ ಉರಿಯದೆ ಇನ್ನೇನಾದೀತು?

ಭಾನುವಾರದ ಪಂದ್ಯಕ್ಕೆ ಹೊಸಬರಲ್ಲಿ ಒಬ್ಬರಿಗಷ್ಟೇ ಜಾಗವಿತ್ತು. ನೀವಿಬ್ಬರೂ ಆಡಿ, ಗೆದ್ದವರು ಬನ್ನಿ ಎಂದರು ಕೋಚ್. ಗೆರೆ ಮುಟ್ಟಿದರೂ ಒಳಗೆಂದೇ ಲೆಕ್ಕ, ನಿಮ್ಮ ಕಡೆ ಬಿದ್ದದ್ದನ್ನು ನೀವೇ ನೋಡಿ ಹೇಳಬೇಕು ಎಂದೂ ಹೇಳಿದರು. ಹಿರಿಯವಳು ಜಿದ್ದಿಗೆ ಬಿದ್ದು, ಬೆನ್ನು ಮರೆತು, ಸರ್ವಿಸನ್ನು ಸೊಂಟದಿಂದ ಗೇಣುದ್ದ ಕೆಳಗಿಳಿಸಿ ಆಡಿದಳು. ಕೊನೆಗೆ ಗೆಲ್ಲಲು ಅವಳಿಗೆ ಇನ್ನೊಂದೇ ಪಾಯಿಂಟ್ ಬೇಕಿತ್ತು. ಕಿರಿಯವಳು ಒಂದೇ ಪಾಯಿಂಟ್ ಹಿಂದಿದ್ದಳು.

ಆಗ ಕಿರಿಯವಳು ಎತ್ತಿ ಹೊಡೆದ ಶಟಲ್ ತಲೆಯ ಮೇಲಿಂದ ಹಾದು ಹಿಂದಿನ ಬಿಳಿ ಗೆರೆಯ ಮೇಲೆ ಬಿತ್ತು. ಸರಿಯಾಗಿ ಗೆರೆಯ ಮೇಲೇ. ಹಿರಿಯವಳು ಕಣ್ಣಾರೆ ನೋಡಿದಳು.

"ಔಟ್," ಎಂದಳು.

ಗೆರೆ ಮುಟ್ಟಿದ ಹಾಗಿತ್ತಲ್ಲ ಎಂದು ಕೋಚ್ ರಾಗ ಎಳೆದರು. ಆದರೆ ಕಿರಿಯವಳೇ ನೆಟ್ಟಿನ ಹತ್ತಿರ ಬಂದು ಅವರ ಬಾಯಿ ಮುಚ್ಚಿಸಿದಳು.

"ಅಕ್ಕ ಔಟ್ ಅಂದ್ರೆ ಔಟೇ ಸರ್. ಗೆರೆ ನೋಡ್ಕೊಂಡು ಕತ್ತರಿ ಓಡ್ಸೋ ಕಣ್ಣು ಅದು. ಅವ್ರು ಹೊಲಿದ ನನ್ನ ಬಟ್ಟೆ ಒಂದು ನೂಲೂ ಆಚೀಚೆ ಆಗಿಲ್ಲ."

ಆಮೇಲೆ ತನ್ನ ಹೊಸ ಬ್ಯಾಟನ್ನು ಹಿರಿಯವಳ ಕೈಗಿಟ್ಟು, ನಿಮ್ಮದು ಭಾರ, ಭಾನುವಾರ ಇದರಲ್ಲೇ ಆಡಿ ಎಂದಳು. ಅತ್ತೆಯನ್ನೂ ಕರೆದುಕೊಂಡು ಬರುತ್ತೇನೆ, ನಿಮ್ಮ ಆಟ ಅವರು ನೋಡಲೇಬೇಕು ಎಂದಳು.

ಮನೆಯ ದಾರಿಯಲ್ಲಿ ಹಿರಿಯವಳಿಗೆ ಮೈಯೆಲ್ಲ ಉರಿಯಿತು. ಗೆದ್ದದ್ದು ತಾನು, ಜಾಗವೂ ತನ್ನದೇ, ಆದರೂ ಹೊಟ್ಟೆಕಿಚ್ಚು ಒಂದಿಷ್ಟೂ ತಣಿದಿರಲಿಲ್ಲ. ಒಂದು ಮಾತು ಜಗಳ ಆಡಬಾರದಿತ್ತೇ ಇವಳು? ಗೆರೆ ಮೇಲೇ ಬಿತ್ತು ಎಂದು ಹಟ ಹಿಡಿಯಬಾರದಿತ್ತೇ? ಹೀಗೆ ಕಣ್ಣುಮುಚ್ಚಿ ಒಬ್ಬರನ್ನು ನಂಬುವುದು ತನಗೆ ಏಳೇಳು ಜನ್ಮಕ್ಕೂ ಬರುವುದಿಲ್ಲ. ಅದೂ ಅವಳಿಗೆ ನೀರು ಕುಡಿದಷ್ಟು ಸಲೀಸು.