ಗೋಣಿತಾಟಿನ ಉಪ್ಪು

ಖಮ್ಸೀನ್ ಎಂಬ ಮರಳುಗಾಳಿ ಬೀಸತೊಡಗಿ ಅಂದಿಗೆ ಮೂರು ದಿನ. ಸುಯೆಜ್ ಬಂದರಿನಲ್ಲಿ ಆಕಾಶ ಎಲ್ಲಿ ಮುಗಿಯಿತು, ಮರಳು ಎಲ್ಲಿ ಶುರುವಾಯಿತು ಎಂದು ಹೇಳುವವರೇ ಇರಲಿಲ್ಲ. ಹಡಗುಗಳು ಹಗಲು ಹನ್ನೊಂದಕ್ಕೇ ದೀಪ ಹಾಕಿಕೊಂಡು ನಿಂತಿದ್ದವು. ದೊಡ್ಡ ಹಡಗುಗಳನ್ನು ಎಳೆದು ದಡಕ್ಕೆ ತರುವ ‘ನೌರಸ್’ ಎಂಬ ಟಗ್ ದೋಣಿಯ ಎಂಜಿನ್ ಕೋಣೆಯಲ್ಲಿ ಎಂಜಿನ್ ಮೇಸ್ತ್ರಿ ಬಯ್ಯೂಮಿ ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಸುತ್ತುತ್ತಿದ್ದ.

ಮಧ್ಯಾಹ್ನ ಎರಡಕ್ಕೆ ಅವನು ದಡದ ಕಚೇರಿಗೆ ಹೋಗಿ ತನಿಖೆಯ ಹೇಳಿಕೆಗೆ ಒಂದು ಸಹಿ ಹಾಕಬೇಕಿತ್ತು. ಆ ಸಹಿ ಬಿದ್ದರೆ ಅದೇ ದೋಣಿಯ ಎಲೆಕ್ಟ್ರಿಷಿಯನ್ ವಗ್ದಿಯ ಲೈಸೆನ್ಸು ಹೋಗುತ್ತಿತ್ತು. ಆಮೇಲೆ ಕಾಲುವೆಯ ಈ ತುದಿಯಿಂದ ಆ ತುದಿಯವರೆಗೆ ಯಾವ ದೋಣಿಯೂ ಅವನನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ.

ಹದಿನೈದು ದಿನದ ಹಿಂದೆ ಇಂಥದೇ ಗಾಳಿಯಲ್ಲಿ, ಸರಕಿನ ಹಡಗೊಂದನ್ನು ಎಳೆಯುತ್ತಿದ್ದಾಗ ನೌರಸ್‌ನ ಕರೆಂಟು ಹೋಗಿ ಚುಕ್ಕಾಣಿ ಸತ್ತು ಬಿದ್ದಿತ್ತು. ನಾಲ್ಕೇ ನಿಮಿಷ. ಆ ನಾಲ್ಕು ನಿಮಿಷದಲ್ಲಿ ಹಡಗು ಇವರ ಮೇಲೆಯೇ ಬಂದಿತ್ತು; ಹಗ್ಗ ಕತ್ತರಿಸಿದ್ದರಿಂದ ಹನ್ನೊಂದು ಜನ ಉಳಿದುಕೊಂಡರು. ವಿದ್ಯುತ್ ಪ್ಯಾನೆಲ್ ತೆರೆದು ನೋಡಿದರೆ ಒಳಗೆಲ್ಲ ಧೂಳಿನ ಬೂದುಬಣ್ಣದ ಹೊಪ್ಪಳಿಕೆ. ವಗ್ದಿ ಗೋಳಾಡಿದ್ದ: “ಗುರುವಾರ ತಾನೇ ಒರೆಸಿದ್ದೆ ಉಸ್ತಾ, ನನ್ನ ಮಕ್ಕಳಾಣೆ. ಎರಡೇ ದಿನಕ್ಕೆ ಇಷ್ಟು ಹೇಗ್ ಕೂರತ್ತೆ?” ಅವನಿಗೆ ಎಂಟು ವರ್ಷ ದೋಣಿಯ ಕೆಲಸ ಕಲಿಸಿದ ಉಸ್ತಾ ಬಯ್ಯೂಮಿ, ತನಿಖೆಯವರ ಮುಂದೆ ಗಡ್ಡ ನೀವಿಕೊಂಡು ಹೇಳಿದ್ದ: “ಮನುಷ್ಯ ಸುಳ್ಳು ಹೇಳ್ತಾನೆ, ಧೂಳು ಹೇಳಲ್ಲ.” ಹೇಳುವಾಗ ಆ ಮಾತು ಅವನಿಗೇ ಬಹಳ ರುಚಿಸಿತ್ತು.

ವಗ್ದಿಯನ್ನು ಕೆಲಸದಿಂದ ದೂರ ಇಟ್ಟ ಮೇಲೆ ಪ್ಯಾನೆಲ್ ಒರೆಸುವ ಕೆಲಸ ಬಯ್ಯೂಮಿಯ ಕುತ್ತಿಗೆಗೇ ಬಿತ್ತು. ನಿನ್ನೆ ಸಂಜೆ ಕರೆಂಟು ಕಡಿದು, ಮೂಲೆ ಮೂಲೆಯನ್ನೂ ಕನ್ನಡಿಯಂತೆ ಒರೆಸಿಟ್ಟಿದ್ದ. ಈಗ ಬಾಗಿಲು ತೆಗೆದ. ಮತ್ತೆ ಅದೇ ಹೊಪ್ಪಳಿಕೆ.

ಒಂದೇ ರಾತ್ರಿಗೆ! ಹಾಗಾದರೆ ವಗ್ದಿ ಹೇಳಿದ್ದು ನಿಜವೇ? ಬಾಗಿಲ ಒಳಮೈಮೇಲೆ ಬೆರಳಾಡಿಸಿ ನಾಲಿಗೆಗೆ ಇಟ್ಟುಕೊಂಡ. ಎಣ್ಣೆಯಾಗಲಿ ನೀರಾಗಲಿ, ನಾಲಿಗೆಗೆ ಮುಟ್ಟಿಸದೆ ಅವನು ಯಾವುದನ್ನೂ ನಂಬಿದವನಲ್ಲ. ಹದಿನೈದು ದಿನದ ಹಿಂದೆ ಮಾತ್ರ, ಸಿಟ್ಟಿನಲ್ಲಿ, ಆ ಕೆಲಸ ಬಿಟ್ಟಿದ್ದ.

ಕಟುವಾದ ಉಪ್ಪು.

ಮರಳುಗಾಡಿನ ಧೂಳಿಗೆ ಇಷ್ಟು ಉಪ್ಪು ಎಲ್ಲಿಂದ ಬರಬೇಕು? ಬಯ್ಯೂಮಿ ಏಣಿ ಹತ್ತಿ ಮೇಲೆ ಓಡಿದ. ಎಂಜಿನ್ ಕೋಣೆಗೆ ಗಾಳಿ ಎಳೆಯುವ ಕಂಡಿಗಳಿಗೆ ಗೋಣಿತಾಟು ಕಟ್ಟಿತ್ತು. ಅಡುಗೆಯ ದಸೂಕಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸಮುದ್ರಕ್ಕೆ ಬಕೆಟ್ ಇಳಿಬಿಟ್ಟು ನೀರು ಸೇದಿ, ಒಂದೊಂದಕ್ಕೇ ಎರಚುತ್ತಿದ್ದ. ಒದ್ದೆಯಿದ್ದಷ್ಟು ಹೊತ್ತು ತಾಟು ಧೂಳು ಹಿಡಿಯುತ್ತಿತ್ತು. ಆ ಬಿಸಿಗಾಳಿಗೆ ಅರ್ಧ ಗಂಟೆಯಲ್ಲಿ ಒಣಗಿ, ಹಪ್ಪಳದಂತೆ ಸೆಟೆದು, ಪಟಪಟ ಬಡಿದುಕೊಳ್ಳುತ್ತಿತ್ತು. ಬಡಿದಾಗೆಲ್ಲ ಬಿಳಿ ಹುಡಿ ಉದುರುತ್ತಿತ್ತು. ಉದುರಿದ್ದನ್ನು ಫ್ಯಾನು ಒಳಕ್ಕೆ ಎಳೆದು ನೇರ ಪ್ಯಾನೆಲಿನ ಮೇಲೆ ಊದುತ್ತಿತ್ತು.

“ಸಮುದ್ರದ ನೀರೇ ಹಾಕು ಅಂತ ನಿಂಗೆ ಯಾರು ಹೇಳಿದ್ದು?” ಬಯ್ಯೂಮಿ ಗದರಿದ.

ದಸೂಕಿ ಬಕೆಟ್ ಕೆಳಗಿಟ್ಟ. “ಇದೊಳ್ಳೆ ಕಥೆ! ನೀವೇ ಅಲ್ವಾ ಉಸ್ತಾ? ‘ಸುತ್ತ ಇಡೀ ಸಮುದ್ರ ಇರೋವಾಗ ಸಿಹಿನೀರು ಯಾಕೋ ದಂಡ ಮಾಡ್ತೀಯಾ ಕತ್ತೆ’ ಅಂದ್ರಿ. ಕತ್ತೆ ಅಂದಿದ್ದೂ ನೆನಪಿದೆ ನಂಗೆ.”

ಗೋಣಿತಾಟಿನ ಉಪಾಯ ಬಯ್ಯೂಮಿಯ ಅಪ್ಪನದು. ಅಪ್ಪ ಉಗಿಯಂತ್ರದ ಹೂಳೆತ್ತುವ ಹಡಗಿನಲ್ಲಿ ಕಲ್ಲಿದ್ದಲು ಒಟ್ಟುತ್ತಿದ್ದವನು. ಆ ಹಡಗಿನಲ್ಲಿ ಉಪ್ಪಿಗೆ ಹೆದರುವ ಪ್ಯಾನೆಲೇ ಇರಲಿಲ್ಲ, ನಾಲ್ಕು ಲಾಂದ್ರ ಇದ್ದವು ಅಷ್ಟೆ. ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳುತ್ತಾರಂತೆ. ಬಯ್ಯೂಮಿ ಒಂದು ಕೈ ಮೇಲೆ ಹೋಗಿ, ಹಗ್ಗವನ್ನು ಶಿಷ್ಯನ ಕೊರಳಿಗೆ ಹಾಕಿದ್ದ. ತಾಟುಗಳನ್ನು ಕಿತ್ತು ಬಿಸಾಡಿ ಚುಕ್ಕಾಣಿ ಕೋಣೆಗೆ ನುಗ್ಗಿದ.

ಅಲ್ಲಿ ದೋಣಿಯ ಯಜಮಾನ ರಯ್ಯಿಸ್ ಷಾಜ್ಲಿ ಕಿಟಕಿ ಗಾಜಿನಾಚೆಯ ಹಳದಿ ಕತ್ತಲನ್ನು ಬೈಯುತ್ತ ಕೂತಿದ್ದ. ಇಬ್ಬರೂ ಒಂದೇ ಬೀದಿಯಲ್ಲಿ ಗೋಲಿಯಾಡಿ ಬೆಳೆದವರು.

“ಎಂಜಿನ್ ಶುರು ಮಾಡಪ್ಪ. ಹನ್ನೆರಡಕ್ಕೆ ಹಡಗು ಎಳೀಬೇಕು,” ಎಂದ ಷಾಜ್ಲಿ.

“ಮಾಡಲ್ಲ. ಈ ಪ್ಯಾನೆಲ್ ನಂಬಿ ಹೊರಟ್ರೆ ಮತ್ತೆ ನಡುನೀರಲ್ಲಿ ಕೈ ಕೊಡತ್ತೆ.” ಬಯ್ಯೂಮಿ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದ. “ವಗ್ದಿದು ತಪ್ಪಿಲ್ಲ, ಷಾಜ್ಲಿ. ನಂದು.”

ಷಾಜ್ಲಿ ಎದ್ದು ಬಾಗಿಲು ಹಾಕಿ ಬಂದ. “ಮೊದ್ಲು ನಬಿಯವರಿಗೆ ಸಲಾಂ ಹೇಳು, ಸಮಾಧಾನ ಮಾಡ್ಕೋ. ರಿಟೈರ್ ಆಗೋಕೆ ನಿಂಗೆ ಇನ್ನೆಷ್ಟು?”

“ಎಂಟು ತಿಂಗಳು.”

“ಎಂಟು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡ್ರೆ ಮನೆಗೆ ಮರ್ಯಾದೆಯಾಗಿ ಹೋಗ್ತೀಯ. ವಗ್ದಿಗೆ ಇನ್ನೂ ಮೂವತ್ತೈದು. ಎಲ್ಲಾದ್ರೂ ಫ್ಯಾನು, ಫ್ರಿಜ್ಜು ರಿಪೇರಿ ಮಾಡ್ಕೊಂಡು ಬದುಕ್ತಾನೆ.”

“ಹುಟ್ಟಿದಾಗಿಂದ ಸಮುದ್ರ ಬಿಟ್ಟು ಬೇರೆ ನೋಡಿದವನಲ್ಲ ಕಣೋ ಅವನು.”

“ನಿಂಗೆ ಬಿಸಿಲು ತಲೆಗೇರಿದೆ. ತಗೋ, ಬಂದರಿನವರಿಗೆ ಎಂಜಿನ್ ಕಾದಿದೆ, ಬರೋಕಾಗಲ್ಲ ಅಂತ ಹೇಳು. ಅಷ್ಟೇ ಹೇಳು. ಮಿಕ್ಕಿದ್ದು ಮನೇಲಿ ಮಾತಾಡೋಣ.” ಷಾಜ್ಲಿ ರೇಡಿಯೋ ಅವನ ಕೈಗೆ ತುರುಕಿದ.

ಬಂದರಿನ ಟಗ್‌ಗಳೆಲ್ಲ ಒಂದೇ ಚಾನೆಲಿನಲ್ಲಿ ಮಾತಾಡುತ್ತವೆ. ಒಂದು ದೋಣಿಯಲ್ಲಿ ಕೆಮ್ಮಿದರೆ ಎಲ್ಲರಿಗೂ ಕೇಳುತ್ತದೆ. ದಡದ ಕಚೇರಿಯ ಗುಮಾಸ್ತನ ಮೇಜಿನ ಮೇಲೂ ಅದೇ ಚಾನೆಲು ದಿನವಿಡೀ ಕಿರುಗುಟ್ಟುತ್ತಿರುತ್ತದೆ. ಬಯ್ಯೂಮಿಗೆ ಇದೆಲ್ಲ ಗೊತ್ತಿತ್ತು. ಗುಂಡಿ ಒತ್ತಿದ.

“ನಾನು ನೌರಸ್‌ನ ಬಯ್ಯೂಮಿ. ನಾವು ಬರೋಕಾಗಲ್ಲ. ಪ್ಯಾನೆಲ್ ತುಂಬ ಉಪ್ಪು ಕೂತಿದೆ. ಗಾಳಿಕಂಡಿಯ ಗೋಣಿಗೆ ಸಮುದ್ರದ ನೀರು ಹಾಕಿಸಿದವನು ನಾನು. ಹದಿನೈದು ದಿನದ ಹಿಂದೆ ಆಗಿದ್ದೂ ಅದರಿಂದಾನೇ. ವಗ್ದಿ ಸುಳ್ಳು ಹೇಳಿಲ್ಲ. ಸುಳ್ಳು ಹೇಳಿದ್ದು ನಾನು. ಗೊತ್ತಿಲ್ದೆ ಹೇಳಿದೆ, ಆದ್ರೂ ಸುಳ್ಳು ಸುಳ್ಳೇ.”

ಷಾಜ್ಲಿ ತಲೆಯ ಮೇಲೆ ಕೈಹೊತ್ತು ಕೂತ. ರೇಡಿಯೋದಲ್ಲಿ ಒಂದು ದನಿ ಬಂತು. ‘ಫನಾರ್’ ಎಂಬ ಟಗ್ಗಿನ ರಯ್ಯಿಸ್‌ನದು.

“ಉಸ್ತಾ, ನಾವೂ ಗೋಣಿ ಕಟ್ಟಿದೀವಿ. ಸಮುದ್ರದ ನೀರೇ. ನಿಮ್ಮನ್ನ ನೋಡೇ ಕಲಿತಿದ್ದು. ಈಗ ನಡುನೀರಲ್ಲಿದೀನಿ, ಹಗ್ಗದ ತುದೀಲಿ ಎಣ್ಣೆ ಹಡಗಿದೆ. ದೀಪ ಬೇರೆ ಮಿಣಮಿಣ ಅಂತಿದೆ. ಏನ್ ಮಾಡ್ಲಿ, ಬೇಗ ಹೇಳಿ!”

ಎಂಜಿನ್ನಿನ ಒಂದೊಂದು ನರವೂ ಬಯ್ಯೂಮಿಗೆ ಗೊತ್ತು, ಕರೆಂಟಿನ ವಿದ್ಯೆ ಅಷ್ಟಾಗಿ ಗೊತ್ತಿಲ್ಲ. ಅಷ್ಟರಲ್ಲಿ ಏದುಸಿರು ಬಿಡುವ ಇನ್ನೊಂದು ದನಿ, ದಡದಿಂದ, ನಡುವೆ ನುಗ್ಗಿತು. ಬೆಳಿಗ್ಗೆಯಿಂದ ಕಚೇರಿಯ ಬೆಂಚಿನಲ್ಲಿ ಎರಡು ಗಂಟೆಯ ಸಹಿಗಾಗಿ ಕಾಯುತ್ತಿದ್ದವನು ಗುಮಾಸ್ತನ ರೇಡಿಯೋ ಕಸಿದುಕೊಂಡಿದ್ದ.

“ಫನಾರ್, ನಾನು ವಗ್ದಿ. ಗೋಣಿ ಕಿತ್ತು ಬಿಸಾಕಿ. ಒಳಕ್ಕೆ ಊದೋ ಫ್ಯಾನ್ ನಿಲ್ಸಿ. ಚುಕ್ಕಾಣಿ ಯಂತ್ರದ ಹತ್ರ ಇಬ್ರನ್ನ ಕಳ್ಸಿ, ಕರೆಂಟ್ ಹೋದ್ರೆ ಕೈಯಲ್ಲೇ ತಿರುಗಿಸ್ಲಿ. ಹಡಗು ಕಟ್ಟೋವರೆಗೆ ಯಾರೂ ಪ್ಯಾನೆಲ್ ತೆಗೀಬೇಡಿ, ಸುಟ್ಟು ಹೋಗ್ತೀರ. ಕೇಳಿಸ್ತಾ?”

“ಕೇಳಿಸ್ತು. ಫ್ಯಾನ್ ನಿಲ್ಸಿದ್ವಿ. ಜನ ಹೋದ್ರು.”

“ದೀಪ?”

ಬಂದರಿಗೆ ಬಂದರೇ ಕಾಯಿತು. ಬಯ್ಯೂಮಿ ಕಣ್ಣು ಮುಚ್ಚಿಕೊಂಡು ಅಲ್ಲಾಹನನ್ನು ಕರೆಯುತ್ತಿದ್ದ.

“ನೆಟ್ಟಗೆ ಉರೀತಿದೆ,” ಎಂದ ಫನಾರ್‌ನವನು. “ಮಿಣಮಿಣ ನಿಂತಿದೆ. ಎಳೀತಾ ಇದೀವಿ.”

ವಗ್ದಿಯ ದನಿ ತಗ್ಗಿತು. “ಉಸ್ತಾ, ನೀವೂ ಮುಟ್ಬೇಡಿ. ನಾನು ಬರ್ತಾ ಇದೀನಿ.”

ಬಯ್ಯೂಮಿ ಗುಂಡಿ ಒತ್ತಿ, ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆದ. ಅಳು ಬಂತು. ಇಡೀ ಬಂದರು ಕೇಳುತ್ತಿರುವಂತೆ, “ಬೇಗ ಬಾರಪ್ಪ,” ಎಂದಷ್ಟೇ ಹೇಳಲು ಅವನಿಂದಾಯಿತು.