ಉಪ್ಪು ಬೆವೆತ ದಿನ

ಬಿಳೂರಿನ ಶಂಕರೆಪ್ಪ ಸಾಹುಕಾರನ ಕಾಳಿನ ಕೋಣೆಗೆ ಗಾಳಿ ಆಡಿಸುವ ಕೆಲಸ ಮೊದಲಿನಿಂದ ಚಂದವ್ವನದು. ಒಣಗಾಳಿ ಬೀಸಿದಾಗ ಕಿಂಡಿ ತೆರೆಯುವುದು, ಹಸಿಗಾಳಿಯ ಥಂಡಿ ಹೊಡೆದಾಗ ಮುಚ್ಚುವುದು, ಜೋಳದ ರಾಶಿ ತಿರುವುವುದು. ನೆರಳಿನ ಕೆಲಸ, ವರ್ಷವಿಡೀ ಕೂಲಿ. ಅವಳ ಕೇರಿಯವರು ಅಲ್ಲಿ ಕಾಳು ಮುಟ್ಟಬಹುದು; ಅದೇ ಕಾಳು ಹಿಟ್ಟಾಯಿತೆಂದರೆ ಮುಟ್ಟುವಂತಿಲ್ಲ.

ಅರವತ್ತೆಂಟರ ಮಳೆಗಾಲದಲ್ಲಿ ಆ ಕೆಲಸ, ವಳಸಂಗದಿಂದ ಅದೇ ಕೇರಿಗೆ ಸೊಸೆಯಾಗಿ ಬಂದ ಬಾಳಾಬಾಯಿಯ ಪಾಲಾಯಿತು. ಅವಳು ಕಿಂಡಿಯ ಹೊರಗೆ ತಟ್ಟೆಯಲ್ಲಿ ಹರಳುಪ್ಪು ಇಡುತ್ತಿದ್ದಳು. ಉಪ್ಪು ಬೆವೆತರೆ ಗಾಳಿಯಲ್ಲಿ ನೀರಿದೆ, ಕಿಂಡಿ ತೆರೆದರೆ ಕಾಳು ಅದನ್ನು ಕುಡಿಯುತ್ತದೆ. ಉಪ್ಪು ಒಣಗಿದ್ದರೆ ತೆರೆಯಬೇಕು, ಕಾಳಿನ ಹಸಿಯನ್ನು ಗಾಳಿಯೇ ಹೊತ್ತೊಯ್ಯುತ್ತದೆ.

"ಇಷ್ಟ ವರ್ಷ ನಿನಗ ಇದು ಹೊಳೀಲಿಲ್ಲಲ್ಲ ಚಂದವ್ವಾ!" ಎಂದು ನಕ್ಕ ಸಾಹುಕಾರ ಅವಳನ್ನು ಕಳೆ ತೆಗೆಯಲು ಹೊಲಕ್ಕೆ ಅಟ್ಟಿದ.

ಅಂದಿನಿಂದ ಬಾಳಾಬಾಯಿಯ ಬಳೆಯ ಸದ್ದೂ ಚಂದವ್ವನ ಮೈಗೆ ಮುಳ್ಳಾಯಿತು.

"ಅಕ್ಕಾ, ನೆಳ್ಳಿಗಿ ಬಾ, ನೀರ ಕುಡಿ," ಎಂದು ಬಾಳಾಬಾಯಿ ಕರೆದಳು.

"ನೀನ ಕುಡಿಯವ್ವಾ, ನೆಳ್ಳಿನ ರಾಣಿ!"

ಶ್ರಾವಣದಲ್ಲಿ ಬಾಳಾಬಾಯಿ ಕಿಂಡಿಗಳನ್ನು ಮುಚ್ಚಿ, ತಂಗಿಯ ಬಾಣಂತನಕ್ಕೆ ಸೋನ್ಯಾಳಕ್ಕೆ ಹೋದಳು. ಜಿಟಿಜಿಟಿ ಮಳೆ ಹಿಡಿದಿತ್ತು. ತಟ್ಟೆಯ ಉಪ್ಪು ಬೆವೆತು ನೀರಾಗಿತ್ತು. ಚಂದವ್ವ ಅದನ್ನು ಕಣ್ಣಾರೆ ನೋಡಿ, ಬೇಕೆಂದೇ ಹೊರಗಿನಿಂದ ಒಂದೊಂದೇ ಕಿಂಡಿ ತೆರೆದಳು. ಇನ್ನ ಹೆಂಗ ನೆಳ್ಳಾಗ ಕುಂದರತಾಳೋ ನೋಡೂನು!

ಬಾಳಾಬಾಯಿ ತಿರುಗಿ ಬಂದಾಗ ಕಿಂಡಿಗಳೆಲ್ಲ ತೆರೆದಿದ್ದವು; ರಾಶಿಯೊಳಗೆ ಕೈ ಹಾಕಿದರೆ ಕಾಳು ಬೆಚ್ಚಗೆ, ಮೆತ್ತಗೆ, ಮುಗ್ಗು ವಾಸನೆ. ಅವಳು ಸಾಹುಕಾರನನ್ನು ಕರೆತಂದು ತೋರಿಸಿದಳು. ಸಾಹುಕಾರ ಈಗ ಅವಳನ್ನು ಓಡಿಸುತ್ತಾನೆಂದು ಚಂದವ್ವ ಕಾದು ನಿಂತಳು.

ಅವನ ಹುಬ್ಬು ಕೂಡ ಗಂಟಾಗಲಿಲ್ಲ.

"ಇದನ್ನ ಆಳಿನ ಕೂಲಿಗಿ ಅಳೀರಿ. ಕಿಂಡಿ ಇಲ್ಲದ ಒಳಕೋಣ್ಯಾಗಿನ ಒಣಾ ರಾಶಿ ನಮ್ಮ ಮನಿಗಿರಲಿ. ಏ ಬಾಳಾಬಾಯಿ, ಇನ್ನ ಮ್ಯಾಲ ಕಿಂಡಿ ಸರಿ ನೋಡ್ಕೊ."

ಇಬ್ಬರ ಸೆರಗಿಗೂ ಮುಗ್ಗಿದ ಜೋಳ ಬಿತ್ತು.

"ವಾಸನಿ ಬರತೈತ್ರಿ ಸಾವ್ಕಾರ್ರ," ಎಂದಳು ಚಂದವ್ವ.

"ತಿನ್ನಾಕ ಏನಾಗೈತಿ? ಚಲೋ ಐತಿ, ನಡಿ."

ಕಾಳು ಕೆಡಿಸಿದವಳು ತಾನು. ಬಾಳಾಬಾಯಿಯ ಕೆಲಸ ಹೋಗಲಿಲ್ಲ, ಸಾಹುಕಾರನ ರೊಟ್ಟಿ ಕಹಿಯಾಗಲಿಲ್ಲ. ಮುಗ್ಗು ಹೋಗಿ ಕೂತಿದ್ದು ಕೇರಿಯ ಒಲೆಗಳ ಮೇಲೆ. ಚಂದವ್ವ ಸರಸರ ಒಳಕೋಣೆಗೆ ನುಗ್ಗಿ, ಒಣ ರಾಶಿಯ ಮೇಲೆ ಸೆರಗು ಕೊಡವಿ ಕಾಲಿನಿಂದ ಕಲಸತೊಡಗಿದಳು.

"ಏ ಹುಚ್ಚೀ! ಥಂಡಿ ಎಲ್ಲಾ ಕಾಳಿಗೂ ಹತ್ತತೈತಿ!" ಎಂದು ಸಾಹುಕಾರ ಕೂಗಿದ.

"ಚಲೋ ಐತಿ ಅಂದ್ರೆಲ್ರಿ? ಕೂಡೇ ತಿನ್ನೂನು."

ಬಾಗಿಲಲ್ಲಿ ನಿಂತ ಬಾಳಾಬಾಯಿ ಮೆಲ್ಲಗೆ ಕೇಳಿದಳು: "ಕಿಂಡಿ ತಗದಾಕಿ ನೀನ ಹೌದಿಲ್ಲೊ?"

"ಹೂಂ. ನಿನ್ನ ಮ್ಯಾಲ ಹೊಟ್ಟಿ ಉರೀತಿತ್ತು. ಸಿಟ್ಟು ಸಾವ್ಕಾರನ ಮನಿಗಿ ಹೋಗಬೇಕಿತ್ತು, ಮನಿ ತಪ್ಪಿತ್ತು ನನಗ."

ಬಾಳಾಬಾಯಿಯ ಕಣ್ಣಲ್ಲಿ ಸಿಟ್ಟು ಇದ್ದೇ ಇತ್ತು. ಮುಂದೆ ಬಂದು ತನ್ನ ಸೆರಗಿನ ಗಂಟನ್ನೂ ಆ ಒಣ ರಾಶಿಯ ಮೇಲೆ ಬಿಚ್ಚಿದಳು.