ರಸ್ತೆ ನೋಡಿ ಎನ್ನುವ ಕಾರು

ಕಾರು ಬರಲಿ ಎಂದು ರಾಮಮೂರ್ತಿ ಒಂದು ವರ್ಷ ಕಾದರು. ಬಂದ ಮೇಲೆ ಅದಕ್ಕೆ ಬುದ್ಧಿ ಬರಲಿ ಎಂದು ಮೂರು ವರ್ಷ ಕಾದರು. ತನ್ನಷ್ಟಕ್ಕೆ ತಾನೇ ಓಡುತ್ತದೆ ಎಂದು ಹೇಳಿಸಿಕೊಂಡು ಬಂದ ಕಾರು, ಎಲ್ಲರ ಮನೆಯ ಕಾರಿನಂತೆ, ಓಡಿಸಿದರೆ ಓಡುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ಉಳಿದದ್ದೆಲ್ಲ ಅಪ್‌ಡೇಟ್‌ನಲ್ಲಿ ಬರುತ್ತದಂತೆ.

ಅಪ್‌ಡೇಟ್ ಬಂದ ದಿನ ಸಿಡ್ನಿಯ ಕೆಲ್ಲಿವಿಲ್‌ನ ಆ ಮನೆಯಲ್ಲಿ ಹಬ್ಬ. ರಾಮಮೂರ್ತಿ ಬೆಳಿಗ್ಗೆಯೇ ಸ್ನಾನ ಮಾಡಿ, ಡ್ಯಾಶ್‌ಬೋರ್ಡಿನ ಮೇಲಿನ ಬೆರಳುದ್ದದ ಗಣಪನಿಗೆ ಒಂದು ಹೂವಿಟ್ಟು, "ಗಿರಿಜಾ, ಒಂದೆಳೆ ರಂಗೋಲಿ ಹಾಕೇ" ಎನ್ನುವರು. ಗಿರಿಜಾ ಗ್ಯಾರೇಜಿನ ಮುಂದೆ ಬಗ್ಗಿ ಚುಕ್ಕಿ ಇಡುತ್ತಾ ಗೊಣಗುವಳು.

"ವರ್ಷಕ್ಕೆ ಹತ್ತು ಸಲ ಅಕ್ಷರಾಭ್ಯಾಸ ಮಾಡಿಸ್ಕೊಳ್ಳೋ ಮಗೂನ ಇಲ್ಲೇ ನೋಡಿದ್ದು. ಇನ್ನೂ ಅ ಆ ಇ ಈ ಬಂದಿಲ್ಲ."

"ಈ ಸಲ ರೌಂಡಬೌಟ್ ಚೆನ್ನಾಗಿ ಮಾಡತ್ತಂತೆ ಕಣೇ."

"ಹೋದ ಸಲಾನೂ ಅಂತೇನೇ."

ಅಷ್ಟು ಗೊಣಗುವ ಗಿರಿಜಾಳೂ ಗೇಲಿ ಮಾಡದ ಗಂಡನ ಆಸೆ ಒಂದಿತ್ತು. ಈ ದೇಶಕ್ಕೆ ಬಂದ ಎರಡನೇ ವರ್ಷ, ಹಿಂದಿನ ಸೀಟಿನಲ್ಲಿ ಪುಟ್ಟ ಮಹತಿಯನ್ನು ಮಲಗಿಸಿಕೊಂಡು, ಯಾರೋ ಬಳಸಿಬಿಟ್ಟ ಕಾರಿನಲ್ಲಿ ಸಿಡ್ನಿಯಿಂದ ಮೆಲ್ಬರ್ನಿಗೆ ಹೋಗಿದ್ದರು. ರಾಮಮೂರ್ತಿಗೆ ಎಲ್ಲೂ ನಿಲ್ಲಿಸುವ ಮನಸ್ಸಿಲ್ಲ. ಗಿರಿಜಾ ಪಕ್ಕದಲ್ಲಿ ಕೂತು ಮೊಸರನ್ನವನ್ನು ತುತ್ತು ಮಾಡಿ ಅವರ ಬಾಯಿಗಿಡುತ್ತಾ ಹೋದಳು. ಆಮೇಲೆ ಪ್ರತಿ ದೂರದ ದಾರಿಯಲ್ಲೂ ಅದೇ ರೂಢಿಯಾಯಿತು. ಈ ಕಾರನ್ನು ಬುಕ್ ಮಾಡಿದ ದಿನ ಅವರು ಹೇಳಿದ್ದರು: "ಇನ್ಮೇಲೆ ಓಡಿಸೋದು ಅದರ ಪಾಲು. ತುತ್ತು ಕೊಡೋದು ನನ್ನ ಪಾಲು. ನೀನು ಸುಮ್ನೆ ತಿನ್ಕೊಂಡು ಕೂತಿರು."

ಈಗ ಮಹತಿ ಮೆಲ್ಬರ್ನಿನಲ್ಲಿ ಸಂಸಾರ ಹೂಡಿದ್ದಳು. ತಿಂಗಳ ಕೊನೆಗೆ ಮೊಮ್ಮಗಳು ಆದ್ಯಾಳ ಹತ್ತನೇ ಹುಟ್ಟುಹಬ್ಬ. ಹೊಸ ಅಪ್‌ಡೇಟ್ ಬಂದದ್ದೇ ತಡ, ರಾಮಮೂರ್ತಿ ಹೊರಡುವ ದಿನ ಗೊತ್ತುಮಾಡಿಬಿಟ್ಟರು.

ಮೊದಲ ಪರೀಕ್ಷೆಗೆ ರೌಸ್ ಹಿಲ್‌ನಿಂದ ಗೆಳೆಯ ತ್ರಿವಿಕ್ರಮ ಬಂದ. ಅವನದೂ ಅದೇ ಕಾರು, ಅದೇ ಅಪ್‌ಡೇಟ್. ನಂಬಿಕೆ ಮಾತ್ರ ಕಾಸಿನಷ್ಟೂ ಇಲ್ಲ. ಅವನು ಮುಂದೆ ಕೂತ, ಗಿರಿಜಾ ಹಿಂದೆ. ನಾರ್ವೆಸ್ಟ್ ಕಡೆಗೆ ಹೊರಟರು.

ಕಾರು ಚೆನ್ನಾಗಿಯೇ ಹೋಯಿತು. ರೌಂಡಬೌಟಿನ ವೃತ್ತದಲ್ಲಿ ಬಲಗಡೆಯ ಗಾಡಿಗಳಿಗೆ ದಾರಿ ಬಿಟ್ಟು, ಗೃಹಸ್ಥನಂತೆ ಸುತ್ತಿ ಹೊರಬಂತು. ರಾಮಮೂರ್ತಿ ಮೀಸೆಯಡಿ ನಗುತ್ತಿದ್ದರು. ಅಷ್ಟರಲ್ಲಿ ಕಾರು ಕುಂಯ್ ಎಂದಿತು. ರಸ್ತೆ ನೋಡಿ, ಎಂದು ಪರದೆಯ ಮೇಲೆ ಮೂಡಿತು. ಓಡಿಸುವವರು ನಿದ್ದೆ ಮಾಡದಂತೆ ಕನ್ನಡಿಯ ಮೇಲೊಂದು ಪುಟ್ಟ ಕ್ಯಾಮೆರಾ ಅವರ ಕಣ್ಣನ್ನೇ ಕಾಯುತ್ತಿರುತ್ತದೆ, ಬೈದದ್ದು ಅದು.

"ನೋಡ್ತಾನೇ ಇದೀನಲ್ಲಪ್ಪಾ!" ಎಂದರು ರಾಮಮೂರ್ತಿ ಕಾರಿಗೆ.

"ಕೂಲಿಂಗ್ ಗ್ಲಾಸ್ ತೆಗಿಯೋ, ಅದಕ್ಕಿರಬೇಕು," ಎಂದ ತ್ರಿವಿಕ್ರಮ.

ತೆಗೆದರು. ಮತ್ತೆ ಕುಂಯ್. ರಸ್ತೆ ನೋಡಿ. ಹೀಗೆ ನಾಲ್ಕಾರು ಸಲ ಬೈದು, ಕೊನೆಗೆ ಕಾರು ಸ್ಟಿಯರಿಂಗನ್ನು ಅವರ ಕೈಗೇ ಒಪ್ಪಿಸಿ, ಒಂದು ವಾರ ತಾನು ಓಡಿಸುವುದಿಲ್ಲವೆಂದು ಮುನಿಸಿಕೊಂಡಿತು.

"ನಂಗೂ ಇದೇ ಅಪ್‌ಡೇಟ್ ಕಣೋ ಮೂರ್ತಿ, ಒಂದು ದಿನಾನೂ ಬೈದಿಲ್ಲ. ನಿನ್ನ ಕಾರಿಗೆ ನಿನ್ನ ಮೇಲೆ ಡೌಟು."

"ಬಗ್ ಇದೆ. ಇವತ್ತೇ ಕಂಪನಿಗೆ ಬರೀತೀನಿ."

ಹಿಂದಿನ ಸೀಟಿನಿಂದ ಗಿರಿಜಾಗೆ ಗಂಡನ ಹಿಂದಲೆಯೂ ಒಂದು ಕಿವಿಯೂ ಕಾಣುತ್ತಿದ್ದವು. ಪಕ್ಕದಲ್ಲಿ ಯಾರೋ ಪಿಸುಗುಟ್ಟುವುದನ್ನು ಕೇಳುವವರಂತೆ ಅವರು ಮುಖವನ್ನು ಕೊಂಚ ಓರೆ ಮಾಡಿಕೊಂಡಿದ್ದರು. ಹೊಸ ದಿಂಬು ಕತ್ತಿಗೆ ಹಿಡಿಸಿಲ್ಲವೇನೋ ಎಂದುಕೊಂಡಳು.

ತ್ರಿವಿಕ್ರಮ ಹೊರಟುಹೋದ ಮೇಲೆ ರಾಮಮೂರ್ತಿ ರಂಗೋಲಿಯ ಮುಂದೆ ನಿಂತರು. "ಏನೇ ಇದು, ಗೆರೆ ಡೊಂಕಾಗಿದೆ? ನಿಂಗೂ ವಯಸ್ಸಾಯ್ತು."

"ನಿಮಗಿಂತ ಐದು ವರ್ಷ ಚಿಕ್ಕೋಳು, ಮರೀಬೇಡಿ," ಎಂದು ನಗುತ್ತಾ ಒಳಗೆ ಹೋದಳು.

ಅಡುಗೆಮನೆಯಲ್ಲಿ ಅಕ್ಕಿ ತೊಳೆಯುವಾಗ ಅವಳ ಕೈ ತಾನಾಗಿ ನಿಂತಿತು. ಗೆರೆ ಡೊಂಕಾಗಿರಲಿಲ್ಲ. ಐವತ್ತು ವರ್ಷ ಹಾಕಿದ ಗೆರೆ ಅದು. ಡೊಂಕು ಎಂದವರು, ರಸ್ತೆಗಳ ನಕ್ಷೆ ಬರೆದೇ ರಿಟೈರ್ ಆದ ಇಂಜಿನಿಯರ್. ಗೋಡೆಯ ಕ್ಯಾಲೆಂಡರ್ ಒಂದು ನೂಲು ವಾಲಿದ್ದರೂ ಎದ್ದುಹೋಗಿ ಸರಿಮಾಡುತ್ತಿದ್ದವರು. ಆ ಕ್ಯಾಲೆಂಡರ್ ಈಗ ಯುಗಾದಿಯಿಂದ ವಾಲಿಕೊಂಡೇ ಇತ್ತು. ಮತ್ತೆ ಆ ಓರೆ ಮುಖ. ರಸ್ತೆ ನೋಡಿ.

ಅಕ್ಕಿಯನ್ನು ಹಾಗೇ ಬಿಟ್ಟು ರಂಗೋಲಿ ಡಬ್ಬಿ ತೆಗೆದುಕೊಂಡು ಹೊರಗೆ ಬಂದಳು. ಒಣಗಿದ ಜಾಗದಲ್ಲಿ ಏಳಕ್ಕೆ ಏಳು ಚುಕ್ಕಿ ಇಟ್ಟು, ಸುತ್ತ ಒಂದು ಚೌಕ ಎಳೆದಳು. ಅಷ್ಟೇ.

"ರೀ, ಬನ್ನಿ ಇಲ್ಲಿ."

"ಬಗ್ ರಿಪೋರ್ಟ್ ಬರೀತಿದೀನಿ ತಾಳೇ."

"ಬನ್ನಿ ಅಂದ್ನಲ್ಲ."

ಬಂದರು. ಅವಳು ತನ್ನ ಅಂಗೈಯಿಂದ ಅವರ ಎಡಗಣ್ಣನ್ನು ಮುಚ್ಚಿದಳು. ಅಂಗೈಯಲ್ಲಿ ಅಕ್ಕಿ ತೊಳೆದ ನೀರಿನ ತಂಪಿತ್ತು.

"ಕಣ್ಣಾಮುಚ್ಚಾಲೆನಾ? ಪಕ್ಕದ್ಮನೆಯೋರು ನೋಡ್ತಾರೆ."

"ನೋಡ್ಲಿ. ಏನ್ ಕಾಣತ್ತೆ ಹೇಳಿ."

"ಚುಕ್ಕಿ. ಸಾಲು ಸ್ವಲ್ಪ ಬಾಗಿದೆ. ಮತ್ತೆ ನಡುವಿನ ಚುಕ್ಕಿ ಯಾಕೆ ಬಿಟ್ಟಿದೀಯ?"

"ಬಿಟ್ಟಿಲ್ಲ, ಮುಟ್ಟಿ ನೋಡಿ," ಎಂದಳು ಗಿರಿಜಾ. ರಾಮಮೂರ್ತಿ ನಿಧಾನವಾಗಿ ಕುಕ್ಕರುಗಾಲಿನಲ್ಲಿ ಕೂತು, ಖಾಲಿ ಎಂದುಕೊಂಡ ಜಾಗದ ಮೇಲೆ ಬೆರಳಿಟ್ಟರು. ಬೆರಳ ತುದಿಗೆ ಬಿಳಿ ಪುಡಿ ಮೆತ್ತಿಕೊಂಡಿತು. ಅದನ್ನು ಓರೆಗಣ್ಣಿನಿಂದ ಬಹಳ ಹೊತ್ತು ನೋಡಿದರು.

"ಹಾಗಾದ್ರೆ ಅಪ್‌ಡೇಟ್ ಸರಿಯಾಗೇ ಇದೆ ಅನ್ನು," ಎಂದರು ಕೊನೆಗೆ, ಮೆಲ್ಲಗೆ.

ಮರುದಿನವೇ ಕಣ್ಣಿನ ಡಾಕ್ಟರ ಬಳಿಗೆ ಹೋದರು. ಬಲಗಣ್ಣಿನ ರೆಟಿನಾ ಪರದೆಯ ನಟ್ಟನಡುವೆ ನೀರು ತುಂಬಿತ್ತು. ಎಡಗಣ್ಣಿನಲ್ಲಿ ಈಗಷ್ಟೇ ಶುರುವಾಗಿತ್ತು. ನೇರ ನೋಡಿದರೆ ಕಾಣದ್ದನ್ನು ಓರೆಯಾಗಿ ನೋಡಿ ಕಾಣುವುದನ್ನು ಅವರ ಕಣ್ಣು, ಅವರಿಗೂ ಹೇಳದೆ, ಕಲಿತುಬಿಟ್ಟಿತ್ತು. ಇನ್ನು ಒಂದೆರಡು ತಿಂಗಳು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಕಣ್ಣಿಗೇ ಸೂಜಿ ಚುಚ್ಚುವಾಗ ರಾಮಮೂರ್ತಿ ಗಿರಿಜಾಳ ಕೈಯನ್ನು ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿದಿದ್ದರು. ತಿಂಗಳಿಗೊಂದು ಸೂಜಿ. ಹೇಳುವವರೆಗೆ ಡ್ರೈವಿಂಗ್ ಇಲ್ಲ.

"ಮೊದಲು ಗೊತ್ತಾಗಿದ್ದು ಯಾರಿಗೆ?" ಎಂದು ಡಾಕ್ಟರು ಕೇಳಿದಾಗ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಕಾರಿಗೆ," ಎಂದಳು ಗಿರಿಜಾ. ಇಷ್ಟು ವರ್ಷ ಅದನ್ನು ಬೈದವಳು ಅವಳೇ.

ಮನೆಗೆ ಬಂದು ರಾಮಮೂರ್ತಿ ಕಾರಿನ ಕೀ ಕಾರ್ಡನ್ನು ಊಟದ ಮೇಜಿನ ಮೇಲಿಟ್ಟರು. "ಮೆಲ್ಬರ್ನಿಗೆ ಫ್ಲೈಟ್ ಬುಕ್ ಮಾಡು. ತುತ್ತಿನ ವಿಷಯ ಬಿಡು. ಆಗದ ಮಾತು." ಎಂದವರೇ ಗೋಡೆಯ ಕಡೆ ತಿರುಗಿದರು.

ಗಿರಿಜಾಗೂ ಲೈಸೆನ್ಸ್ ಇತ್ತು. ತನ್ನ ಹಳೆಯ ಪುಟ್ಟ ಕಾರಿನಲ್ಲಿ ಅಂಗಡಿಗೆ, ಮೆಟ್ರೋ ಸ್ಟೇಷನ್ನಿಗೆ ಹೋಗಿ ಬರುವಷ್ಟು. ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗ ದಾಟಿದವಳಲ್ಲ. ಅವಳು ಕಾರ್ಡನ್ನು ಎತ್ತಿಕೊಂಡು, ಮಂಗಳಸೂತ್ರ ಒರೆಸುವ ಹಾಗೆ ಸೆರಗಿನಲ್ಲಿ ಒರೆಸಿದಳು.

"ಕಾರಲ್ಲೇ ಹೋಗೋಣ. ನಾನು ಓಡಿಸ್ತೀನಿ."

"ನೀನಾ? ಮೋಟರ್‌ವೇ ಹತ್ತೋ ಮುಂಚೆ ಕಣ್ಮುಚ್ಕೊಳ್ಳೋಳು!"

"ನಂಗೂ ಒಂದು ಅಪ್‌ಡೇಟ್ ಬಂದಿದೆ ಅನ್ಕೊಳಿ. ಇನ್ನೆರಡು ವಾರ ಇದೆಯಲ್ಲ, ಹೇಳ್ಕೊಡಿ."

ಹೇಳಿಕೊಟ್ಟರು. ದಿನಾ ಸಂಜೆ ಜಗಳವಾಡಿಕೊಂಡೇ ಹೇಳಿಕೊಟ್ಟರು. ಹೊರಡುವ ದಿನ ಗಿರಿಜಾ ಯಾರೂ ಹೇಳದೆಯೇ ಕಾರಿನ ಮುಂದೆ ರಂಗೋಲಿ ಹಾಕಿದಳು.

ಗಂಡಗಾಯ್ ಎಂಬ ಊರು ದಾಟಿದ ಮೇಲೆ ಹ್ಯೂಮ್ ಹೆದ್ದಾರಿ ಬಿಸಿಲಲ್ಲಿ ಚಾಚಿ ಮಲಗಿತ್ತು. ಎರಡೂ ಬದಿ ಒಣಹುಲ್ಲು, ಅಲ್ಲಲ್ಲಿ ಕುರಿಗಳು. ಆದ್ಯಾಳ ಫೋನ್ ಬಂತು. "ಅಜ್ಜಿ, ಹೂ ಈಸ್ ಡ್ರೈವಿಂಗ್? ತಾತಾ ಆರ್ ದ ಕಾರ್?"

"ಅಜ್ಜಿ ಕಣೇ!" ಎಂದು ಕೂಗಿದರು ರಾಮಮೂರ್ತಿ. ಆ ಕಡೆ ಮಹತಿ "ಅಯ್ಯೋ ಅಮ್ಮಾ" ಎಂದದ್ದು ಕೇಳಿಸಿತು.

ಫೋನಿಟ್ಟ ಮೇಲೆ ಅವರು ಮಗುವಿನಂತೆ ಕೇಳಿದರು. "ಈಗ ಒಂಚೂರು ಅದಕ್ಕೆ ಬಿಡ್ತೀಯಾ?"

ಗಿರಿಜಾ ಬಿಟ್ಟಳು. ಸ್ಟಿಯರಿಂಗ್ ಅವಳ ಬೆರಳುಗಳ ಕೆಳಗೆ ತಾನೇ ಮೆಲ್ಲಗೆ ಆಡಿತು. ಕೈ ತೆಗೆಯುವಷ್ಟು ನಂಬಿಕೆ ಅವಳಿಗೆ ಬಂದಿರಲಿಲ್ಲ. ರಸ್ತೆಯಿಂದ ಕಣ್ಣು ಕೀಳಲೂ ಇಲ್ಲ. ಕಾರು ಒಂದು ಸಲವೂ ಕುಂಯ್ ಎನ್ನಲಿಲ್ಲ.

ಪಕ್ಕದಲ್ಲಿ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಮೊಸರನ್ನದ ಒಗ್ಗರಣೆ ಘಮ್ಮೆಂದಿತು. ತುತ್ತು ಬಂದದ್ದು ಅವಳ ಕೆನ್ನೆಗೆ.

"ಅಲ್ಲಲ್ಲ. ಸ್ವಲ್ಪ ಮುಂದೆ ರೀ."

ಮೂಗಿಗೆ ತಗುಲಿತು.

"ಕೆಳಗೆ. ಇನ್ನೊಂಚೂರು ಕೆಳಗೆ. ಹಾಂ, ನೇರ ಬನ್ನಿ."

ತುತ್ತು ಬಾಯಿ ಸೇರಿತು.

"ಉಪ್ಪು ಸರಿಯಾಗಿದೆಯಾ?"

"ಸುಮ್ನೆ ಕೊಡಿ," ಎಂದಳು ಗಿರಿಜಾ, ರಸ್ತೆಯನ್ನೇ ನೋಡುತ್ತಾ.